ಗೇಣುದ್ದ ನೀಲಿ

ಮಠದ ವಿದ್ಯಾರ್ಥಿ ನಿಧಿಯನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ಮುರಿಗೆಪ್ಪ ಒಂದು ಕಾಗದ ಹಿಡಿದು ಗುರುಗಳ ಮುಂದೆ ನಿಂತು ಕೇಳಿದ: "ಬುದ್ಧೀ, ಸಂಶೋಧನೆಗೆಂದು ನಾವು ಹೊರದೇಶಕ್ಕೆ ಕಳಿಸಿದ ಹುಡುಗಿ, ಏನು ಸಾಧಿಸಿದೆ ತೋರಿಸು ಎಂದಾಗಲೆಲ್ಲ ಇನ್ನೂ ಆಗಿಲ್ಲ ಎಂದೇ ಬರೆಯುತ್ತಾಳೆ. ಈ ತಿಂಗಳು ತೋರಿಸದಿದ್ದರೆ ನೆರವು ನಿಲ್ಲುತ್ತದೆ ಎಂದು ಬರೆದು ತಂದಿದ್ದೇನೆ, ತಮ್ಮ ಸಹಿ ಬೇಕು. ಭಕ್ತರು ಹೊಟ್ಟೆ ಕಟ್ಟಿ ಕೊಟ್ಟದ್ದು. ಫಲ ಕೇಳುವುದು ತಪ್ಪೇ?"

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಕೂತುಕೋ ಎಂದು ಈ ಕತೆ ಹೇಳಿದರು.

ಬಣ್ಣಗಾರರ ಒಂದು ಊರಿತ್ತು. ಅವರು ಹಾಕಿದ ನೀಲಿ ಎರಡೇ ಒಗೆತಕ್ಕೆ ಬಿಟ್ಟುಹೋಗುತ್ತಿತ್ತು. ವರ್ತಕರು ಒಬ್ಬೊಬ್ಬರಾಗಿ ಆ ಊರಿನ ದಾರಿ ಮರೆತರು. ಕಡಲಾಚೆಯ ದೇಶದಲ್ಲಿ ಬಟ್ಟೆ ಹರಿದರೂ ಬಿಡದ ನೀಲಿ ಇದೆ ಎಂದು ತಿಳಿದು, ಊರವರು ಒಬ್ಬ ಬಣ್ಣಗಾರನ ಮಗಳನ್ನು ಎರಡು ವರ್ಷದ ಗಡುವಿಗೆ ಕಲಿಯಲು ಕಳಿಸಿದರು. ಅವಳ ಖರ್ಚಿಗೆಂದು ಪ್ರತಿ ಮನೆಯಲ್ಲೂ ಬೀಸುವ ಮುಂಚೆ ಒಂದು ಹಿಡಿ ಜೋಳ ತೆಗೆದಿಡುವ ಕಟ್ಟಳೆಯಾಯಿತು. ಒಪ್ಪೊತ್ತು ಉಣ್ಣುವ ಒಬ್ಬ ಮುದುಕಿಯೂ ತಪ್ಪದೆ ತೆಗೆದಿಟ್ಟಳು. ಆ ಜೋಳ ಮಾರಿದ ಹಣ ತಿಂಗಳಿಗೊಮ್ಮೆ ಹಡಗಿನ ವ್ಯಾಪಾರಿಯ ಕೈಯಲ್ಲಿ ಹೋಗುತ್ತಿತ್ತು.

ಅಲ್ಲಿನ ಕಸಬುಗಾರ ಹುಡುಗಿಗೆ ಒಂದು ಗುಡಾಣ ಕೊಟ್ಟ. ನೀಲಿಯ ಸೊಪ್ಪನ್ನು ಅದರಲ್ಲಿ ಕೊಳೆಯಹಾಕಿಸಿ, ಬಾಯಿ ಮುಚ್ಚಿಸಿ, ಮೇಲೆ ಮಣ್ಣು ಮೆತ್ತಿಸಿದ. ಆರು ತಿಂಗಳು ಮುಚ್ಚಳ ತೆಗೆಯಬಾರದು, ಗಾಳಿ ತಗುಲಿದರೆ ನೀಲಿ ಸಾಯುತ್ತದೆ ಎಂದ. ಹಣ್ಣಾದ ದಿನ ಅದರ ವಾಸನೆ ಹಿಡಿದುಕೊಂಡರೆ ವಿದ್ಯೆ ಬಂದಂತೆ, ಅದನ್ನು ಬಾಯಿಂದ ಹೇಳಿಕೊಡಲು ಬರುವುದಿಲ್ಲ ಎಂದೂ ಹೇಳಿದ.

ಮೊದಲ ತಿಂಗಳೇ ಊರಿನಿಂದ ಹೇಳಿಕೆ ಬಂತು: ಕಲಿತದ್ದರ ಗುರುತಿಗೆ ಗೇಣುದ್ದ ಬಟ್ಟೆ ಅದ್ದಿ ಕಳಿಸು. ಇನ್ನೂ ಹಣ್ಣಾಗಿಲ್ಲ ಎಂದು ಅವಳು ಹೇಳಿಕಳಿಸಿದಳು. ಹಿರಿಯರಿಗೆ ಅದು ಸೋಮಾರಿಯ ಮಾತಾಗಿ ಕೇಳಿಸಿತು. ಮುಂದಿನ ತಿಂಗಳು ವ್ಯಾಪಾರಿ ಬರಿಗೈಯಲ್ಲಿ ಬಂದ. ಹಸಿವನ್ನು ಅವಳು ತಡೆದುಕೊಂಡಾಳು. ಆದರೆ ಮುದುಕಿಯ ಹಿಡಿ ಜೋಳ ನೆನಪಾಗಿ ನಾಚಿಕೆಯಾಯಿತು. ಅದನ್ನು ತಡೆಯಲಾಗಲಿಲ್ಲ. ಮುಚ್ಚಳ ತೆಗೆದಳು, ಗೇಣು ಬಟ್ಟೆ ಅದ್ದಿದಳು.

ಬಟ್ಟೆ ಊರು ತಲುಪಿತು. ಹಸಿ ನೀಲಿಯೂ ಮೊದಲ ನೋಟಕ್ಕೆ ಚೆಂದವೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರಿಗೆ ಯಾವ ಊರಲ್ಲೂ ಬರವಿಲ್ಲ. ಅದನ್ನು ಚಾವಡಿಯಲ್ಲಿ ತೂಗುಹಾಕಿ ಬೆಲ್ಲ ಹಂಚಿದರು. ಒಗೆದು ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ. ಅತ್ತ ಅವಳು ಸತ್ತ ನೀಲಿಯನ್ನು ಚೆಲ್ಲಿ ಮತ್ತೆ ಮೊದಲಿನಿಂದ ಸೊಪ್ಪು ಹಾಕಿದಳು. ತಿಂಗಳು ತುಂಬಿತು, ಹೇಳಿಕೆ ಬಂತು, ಮುಚ್ಚಳ ತೆಗೆದಳು. ಹೀಗೇ ಎರಡು ವರ್ಷ. ಕಸಬುಗಾರ ಬೈಯಲಿಲ್ಲ; ಕೊನೆಕೊನೆಗೆ ಅವಳ ಗುಡಾಣದ ಕಡೆ ನೋಡುವುದನ್ನೇ ಬಿಟ್ಟ.

ಗಡುವು ಮುಗಿದು ಹುಡುಗಿ ಊರಿಗೆ ಬಂದಳು. ಅವಳು ಬಣ್ಣ ಹಾಕಿದ ಮೊದಲ ಸೀರೆ ಎರಡೇ ಒಗೆತಕ್ಕೆ ಬೆಳ್ಳಗಾಯಿತು. ಹಿರಿಯರು ಚಾವಡಿಯ ತುಂಡುಗಳನ್ನೆಲ್ಲ ಇಳಿಸಿ ನೀರಿಗೆ ಹಾಕಿದರು. ಅವೂ ಬಿಟ್ಟವು.

"ಅಲ್ಲಿ ನಿನಗೆ ಏನೂ ಕಲಿಸಲಿಲ್ಲವೇ, ತಾಯಿ?" ಎಂದು ಮುದುಕಿ ಕೇಳಿದಳು.

"ಕಲಿಸಿದರು, ಅಜ್ಜಿ. ಮುಚ್ಚಳ ತೆಗೆಯಬೇಡ ಎಂದರು. ಹಣ್ಣಾದ ನೀಲಿಯ ವಾಸನೆ ಹೇಗಿರುತ್ತದೋ, ನನಗೆ ಇವತ್ತಿಗೂ ಗೊತ್ತಿಲ್ಲ."

ಮರುದಿನ ಮುದುಕಿ ಬೀಸಲು ಕೂತಾಗ ಕೈ ರೂಢಿಯಂತೆ ಒಂದು ಹಿಡಿ ಜೋಳ ತೆಗೆಯಿತು. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಅದನ್ನೂ ಬೀಸುವ ಕಲ್ಲಿಗೆ ಸುರಿದಳು. ಆ ಊರಿನಿಂದ ಮತ್ತೆ ಯಾರೂ ಕಲಿಯಲು ಹೋಗಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಮುರಿಗೆಪ್ಪ ಕಾಗದವನ್ನು ಮಡಿಸಲೂ ಇಲ್ಲ, ಮುಂದೆ ಚಾಚಲೂ ಇಲ್ಲ. ಗುರುಗಳೇ ಕೈ ನೀಡಿದರು.

"ಕೊಡು, ಸಹಿ ಹಾಕುತ್ತೇನೆ; ಇದು ಎಷ್ಟನೆಯ ಸಲ ಮುಚ್ಚಳ ತೆಗೆಸುತ್ತಿರುವುದು ಎಂದು ಮಾತ್ರ ಹೇಳು."