ನುಂಕ ಕೂಡಿಸಿದ ಉದ್ದ ಫೋಟೊ

ಹೇಳಿದ್ದನ್ನು ಕೇಳದ ಮಗನಿದ್ದರೆ ತಾಯಿ ಅಳುತ್ತಾಳೆ. ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಮಾಡುವ ಮಗನಿದ್ದರೆ? ತಾಯಿ ನಡುಗುತ್ತಾಳೆ. ಓಬಮ್ಮ ನಡುಗುತ್ತಿದ್ದಳು.

ಗಂಡ ತೀರಿಕೊಂಡಾಗ ಅವಳಿಗೆ ಉಳಿದದ್ದು ಒಂದು ಫೋಟೊ ಸ್ಟುಡಿಯೊ, ಒಂದು ಕ್ಯಾಮೆರಾ, ಮತ್ತು ಮಗ ನುಂಕ. ಸ್ಟುಡಿಯೊ ಇದ್ದ ಕಟ್ಟಡ ಸೂರನಾಯಕರದು. ಸೂರನಾಯಕರು ಕೆಮ್ಮಿದರೆ ಬೀದಿನಾಯಿ ಬೊಗಳುವುದನ್ನು ನಿಲ್ಲಿಸುತ್ತಿತ್ತು.

ಆ ಸೂರನಾಯಕರೂ ಅವರ ತಮ್ಮ ಪಾಲನಾಯಕರೂ ಒಂದು ಬಾವಿಯ ಜಗಳಕ್ಕೆ ಮಾತು ಬಿಟ್ಟಿದ್ದರು. ಈಗ ರಾಜಿಯಾಗಿತ್ತು. ಎರಡೂ ಮನೆಯವರು ಸಾಲಾಗಿ ನಿಂತ ಒಂದು ಉದ್ದ ಫೋಟೊ ಬೇಕೆಂದರು. ಅಷ್ಟು ಉದ್ದದ್ದು ಒಂದೇ ಏಟಿಗೆ ಬರುವುದಿಲ್ಲ. ತುಂಡು ತುಂಡಾಗಿ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸಬೇಕು.

"ಒಂದೊಂದು ಫೋಟೊನೂ ಚೆಂದ ಮಾಡೋ ಮಗನೇ."

"ಆಯ್ತಮ್ಮ!"

ಒಂದೊಂದನ್ನೂ ಚೆಂದ ಮಾಡಿದ. ಒಂದಕ್ಕೆ ಬೆಳಕು ಏರಿಸಿದ, ಒಂದಕ್ಕೆ ಇಳಿಸಿದ, ಒಂದಕ್ಕೆ ಅರಿಸಿನ ಬಳಿದ. ಎಲ್ಲವನ್ನೂ ಜೆಪಿಜಿ ಮಾಡಿ, ಕ್ಯಾಮೆರಾದಿಂದ ಬಂದ ಮೂಲ, ಅಂದರೆ ರಾ ಫೈಲುಗಳನ್ನು ಅಳಿಸಿ, ಆಮೇಲೆ ಕೂಡಿಸಿದ. ಆಕಾಶ ತೇಪೆ ಹಚ್ಚಿದ ಕೌದಿಯಾಯಿತು. ಅಣ್ಣನ ಮನೆಯವರು ಹಾಲು, ತಮ್ಮನ ಮನೆಯವರು ಇದ್ದಿಲು.

"ಬೇಕಂತಲೇ ನಮಗೆ ಮಸಿ ಬಳಿಸಿದೆಯಾ ಅಣ್ಣಾ?" ಪಾಲನಾಯಕರು ಎದ್ದು ನಿಂತರು.

ಸೂರನಾಯಕರು ಕೂಗಲಿಲ್ಲ. ಓಬಮ್ಮನಿಗೆ ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

"ಓಬಮ್ಮ, ಹುಣ್ಣಿಮೆಗೆ ಎಲ್ಲರೂ ಊಟಕ್ಕೆ ಸೇರ್ತೀವಿ. ಆವತ್ತು ನಿನ್ನ ಮಗ ಇನ್ನೊಮ್ಮೆ ತೆಗೀಲಿ. ಅದೂ ಕೆಟ್ಟರೆ ಈ ರಾಜಿನೂ ಇಲ್ಲ, ನಿನಗೆ ಅಂಗಡಿನೂ ಇಲ್ಲ."

ಮನೆಗೆ ಬಂದವಳೇ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ರಾ ಫೈಲು ಅಂದರೆ ಕಲಸಿಟ್ಟ ಹಿಟ್ಟು ಕಣೋ, ಹೇಗೆ ಬೇಕಾದರೂ ತಟ್ಟಬಹುದು. ನೀನು ಬೇಯಿಸಿ, ರೊಟ್ಟಿಗೆ ರೊಟ್ಟಿ ಅಂಟಿಸಿದೆಯಲ್ಲೋ! ಮೊದಲು ಕೂಡಿಸು, ಆಮೇಲೆ ಚೆಂದ ಮಾಡು. ಗೊತ್ತಾಯ್ತಾ?"

"ಗೊತ್ತಾಯ್ತಮ್ಮ! ಮೊದಲು ಕೂಡಿಸೋದು!"

ಮರುದಿನ ಪೊಲೀಸ್ ಠಾಣೆಯಿಂದ ಕರೆ ಬಂತು. ಹೊಸ ಇನ್ಸ್‌ಪೆಕ್ಟರದೊಂದು ಫೋಟೊ, ಸಿಕ್ಕಿಬಿದ್ದ ಕೋಳಿಕಳ್ಳನದೊಂದು. ನುಂಕ ಮೊದಲು ಕೂಡಿಸಿದ. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತರು. ಆಮೇಲೆ ಚೆಂದ ಮಾಡಿದ. ಕಳ್ಳನೇ ಹೆಚ್ಚು ಚೆಂದ ಬಂದ.

"ಏನಮ್ಮಾ ಇದು?" ಇನ್ಸ್‌ಪೆಕ್ಟರು ಲಾಠಿಯಿಂದ ಮೇಜು ಕುಟ್ಟಿದರು. "ನನಗೂ ಇವನಿಗೂ ಮದುವೆ ಮಾಡಿಸಿದೀಯಾ?"

ಓಬಮ್ಮ ಕೈಮುಗಿದಳು. ಫೋಟೊವನ್ನು ನಡುವೆ ಕತ್ತರಿಸಿಕೊಟ್ಟು, ಮಗನನ್ನು ಹೊರಗೆ ಎಳೆದುಕೊಂಡು ಬಂದಳು.

"ಲೇ ಮುಠ್ಠಾಳ! ಕಂಡದ್ದನ್ನೆಲ್ಲ ಗಟ್ಟಿ ಅಂಟಿಸಿಬಿಡ್ತಾರೇನೋ? ಏನೇ ಮಾಡು, ಆಮೇಲೆ ಬದಲಾಯಿಸೋ ಹಾಗೆ ಸಡಿಲ ಬಿಡು!"

"ಸಡಿಲ ಬಿಡ್ತೀನಮ್ಮ!"

ಕಿರಾಣಿ ಅಂಗಡಿಯ ತಿಪ್ಪಮ್ಮನ ಗಂಡ ತೀರಿಕೊಂಡಿದ್ದ. ಕಟ್ಟು ಹಾಕಿಸಿದ ಅವನ ಫೋಟೊವನ್ನು ಗೋಡೆಗೆ ತೂಗುಹಾಕಲು ನುಂಕ ಹೋದ. ಮೊಳೆ ಸಡಿಲ ಬಿಟ್ಟ. ತಿಥಿಯ ದಿನ, ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದಿದ್ದಾಗ, ಗಂಡ ಗೋಡೆಯಿಂದ ಇಳಿದು ಹೆಂಡತಿಯ ಮಡಿಲಿಗೆ ಬಂದ.

"ಬಂದ್ರು! ಬಂದ್ರು!" ತಿಪ್ಪಮ್ಮ ಕಿರುಚಿ ಮೂರ್ಛೆ ಹೋದಳು. ನೆಂಟರು ಎಲೆ ಬಿಟ್ಟು ಓಡಿದರು.

ಈ ಸಲ ಓಬಮ್ಮ ಬೈಯಲಿಲ್ಲ. ಬೈಯಲು ಹೊತ್ತಿರಲಿಲ್ಲ. ನಾಳೆಯೇ ಹುಣ್ಣಿಮೆ.

"ನುಂಕಾ, ನಿನ್ನ ಕಾಲು ಹಿಡೀತೀನಿ, ಸರಿಯಾಗಿ ಕೇಳಿಸ್ಕೊ. ಮೂಲ ಮುಖ್ಯ. ಮೂಲ ಕೈಲಿದ್ದರೆ ಫೋಟೊ ಎಷ್ಟು ಸಲ ಕೆಟ್ಟರೂ ಮತ್ತೆ ಮಾಡಬಹುದು. ನಾನು ನೋಡಿ ಒಪ್ಪೋವರೆಗೂ ಮೂಲವನ್ನು ಭದ್ರ ಮಾಡು. ಬೀಗ ಹಾಕು!"

"ಹಾಕ್ತೀನಮ್ಮ!"

ಹುಣ್ಣಿಮೆಯ ದಿನ ನಾಯಕರ ಮುಖ ನೋಡುವ ಧೈರ್ಯವಿಲ್ಲದೆ ಓಬಮ್ಮ ಅಂಗಡಿಯಲ್ಲೇ ಕೂತಳು. ಹೊರಗೆ ಯಾರ ಚಪ್ಪಲಿ ಸದ್ದಾದರೂ ಎದ್ದು ನಿಲ್ಲುತ್ತಿದ್ದಳು. ಮಧ್ಯಾಹ್ನ ನುಂಕ ಫೋಟೊ ತೆಗೆದುಕೊಂಡು ನಗುತ್ತ ಬಂದ. ಅವಳ ಎದುರಿಗೇ ರಾ ಫೈಲುಗಳನ್ನು ಹಾಗೇ ಕೂಡಿಸಿದ.

ಓಬಮ್ಮ ಮುಚ್ಚಿದ್ದ ಕಣ್ಣು ತೆರೆದು ನೋಡಿದಳು. ಆಕಾಶ ಒಂದೇ ಆಕಾಶವಾಗಿತ್ತು. ಎಲ್ಲಿ ಕೂಡಿಸಿದನೆಂದು ಹುಡುಕಿದರೂ ಸಿಗಲಿಲ್ಲ. ತಾನೇ ಬೆಳಕು ಏರಿಸಿದಳು. ತಮ್ಮನ ಮನೆಯವರ ಮುಖ ಅಣ್ಣನ ಮನೆಯವರಷ್ಟೇ ಬೆಳಗಿತು. ಕೂಡಿಸಿದ ಮೇಲೂ ಹಿಟ್ಟು ಹಿಟ್ಟಾಗಿಯೇ ಇತ್ತು!

"ಬದುಕಿದೆ ಕಣೋ ಮಗನೇ! ಮೂಲ ಭದ್ರವಾಗಿದೆ ತಾನೆ?"

"ಬೀಗ ಹಾಕಿದೀನಮ್ಮ." ನುಂಕ ಗೇಣುದ್ದದ ಬೀಗದ ಕೈ ತೋರಿಸಿದ.

ಓಬಮ್ಮ ಬಗ್ಗಿ ನೋಡಿದಳು. "ಇದು ನಮ್ಮ ಬೀರುವಿನದಲ್ಲವಲ್ಲೋ."

"ನಾಯಕರ ಮನೇದು. ಎಲ್ಲರೂ ಊಟಕ್ಕೆ ಕೂತಿದ್ದರು. ಹೊರಗಿಂದ ಹಾಕಿದೆ."

"ಯಾಕೋ? ಯಾಕೋ ಪಾಪಿ?"

"ಫೋಟೊ ಯಾರಿಂದ ಬಂತಮ್ಮ? ಅವರಿಂದ. ಅಂದಮೇಲೆ ಮೂಲ ಅವರೇ ತಾನೆ? ಒಬ್ಬರೂ ಕಳೆದುಹೋಗಬಾರದು ಅಂತ ಹಿತ್ತಲ ಬಾಗಿಲಿಗೂ ಹಾಕಿದೆ."

ಅಷ್ಟರಲ್ಲಿ ಬೀದಿಯ ಆ ತುದಿಯಲ್ಲಿ ಹಲಗೆ ಸೀಳಿದ ಸದ್ದು. ಓಬಮ್ಮ ಹೊರಗೆ ಇಣುಕಿದಳು. ಬಾಗಿಲು ಒಡೆದು ಎರಡೂ ಮನೆಯವರು ಬರುತ್ತಿದ್ದರು, ಕೈಯಲ್ಲಿ ಅನ್ನ ಒಣಗಿತ್ತು. ಮುಂದೆ ಒಂದು ಒನಕೆ. ಅದರ ಒಂದು ತುದಿ ಸೂರನಾಯಕರ ಕೈಯಲ್ಲಿ, ಇನ್ನೊಂದು ತುದಿ ಪಾಲನಾಯಕರ ಕೈಯಲ್ಲಿ. ಅಣ್ಣತಮ್ಮಂದಿರು ಅಷ್ಟು ಒಂದಾಗಿ ನಡೆದದ್ದನ್ನು ಊರು ಎಂದೂ ಕಂಡಿರಲಿಲ್ಲ.

"ಓಡೋ ಮಗನೇ! ಓಡು!"

"ಆಯ್ತಮ್ಮ!"

ಯಾವ ಕಡೆಗೆ ಎಂದು ಅವಳು ಹೇಳಿರಲಿಲ್ಲ. ನುಂಕ ಬೀಗದ ಕೈ ಎತ್ತಿ ಹಿಡಿದು ಒನಕೆಯ ಕಡೆಗೇ ಓಡಿದ:

"ಒಳಗೆ ಹೋಗಿ ನಾಯಕರೇ, ಒಳಗೆ ಹೋಗಿ! ಅಮ್ಮ ಇನ್ನೂ ಒಪ್ಪಿದೆ ಅಂದಿಲ್ಲ!"