ಹರಿಗೋಲುಗಳು ದಡಕ್ಕೆ ಮರಳಿದ ದಿನ

"ಗುರುಗಳೇ, ಹಸಿದವರಿಗೆ ಅನ್ನ ಕೊಡುವುದರಲ್ಲಿ ತಪ್ಪು ಎಂಬುದು ಇರಲು ಸಾಧ್ಯವೇ?" ಎಂದು ಶಿಷ್ಯ ಕೇಳಿದ.

ನೆರೆ ಬಂದ ಊರುಗಳಿಗೆ ಸೇವೆಗೆಂದು ಗುರುಮಠದಿಂದ ಹೊರಟಿದ್ದ ತಂಡದಲ್ಲಿ ಅವನೂ ಒಬ್ಬ. ಅಂಗಳದಲ್ಲಿ ಲಾರಿ ನಿಂತಿತ್ತು. ಅಕ್ಕಿ ಮೂಟೆ, ಕಂಬಳಿ, ಔಷಧದ ಪೆಟ್ಟಿಗೆ ಎಲ್ಲ ಏರಿಸಿಯಾಗಿತ್ತು. ಆಶೀರ್ವಾದ ಕೇಳಲು ಹೋದಾಗ ಗುರುಗಳು ತಲೆಯ ಮೇಲೆ ಕೈಯಿಟ್ಟು, "ಅನ್ನ ಬಡಿಸುವಾಗ ಹುಷಾರಾಗಿರಪ್ಪ" ಎಂದಿದ್ದರು. ಆ ಮಾತು ಅವನಿಗೆ ರುಚಿಸಿರಲಿಲ್ಲ.

ಗುರುಗಳು ನಕ್ಕರು. "ಪ್ರಶ್ನೆ ಕೇಳುವಾಗಲೇ ಉತ್ತರ ಕಟ್ಟಿಕೊಂಡು ಬಂದಿದ್ದೀಯ. ಇರಲಿ, ಕೂತುಕೋ. ಡ್ರೈವರನ ಚಹಾ ಇನ್ನೂ ಮುಗಿದಿಲ್ಲ" ಎಂದು ಕತೆ ಶುರುಮಾಡಿದರು.

ಒಂದು ದೊಡ್ಡ ಹೊಳೆ. ಅದರ ದಡದಲ್ಲಿ ಅಂಬಿಗರ ಒಂದು ಊರು. ಒಂದು ವರ್ಷ ಆ ಹೊಳೆ ಯಾರೂ ಕಂಡು ಕೇಳದ ಹಾಗೆ ಬಂತು. ಬೆಳಗಾಗುವಷ್ಟರಲ್ಲಿ ಊರಿನ ಅರ್ಧ ಮನೆಗಳು ಇರಲಿಲ್ಲ. ಉಳಿದ ಜನ ದಿಬ್ಬದ ಮೇಲಿನ ಶಾಲೆ ಸೇರಿದರು.

ಅವರನ್ನು ಅಲ್ಲಿಗೆ ಸೇರಿಸಿದವನು ಒಬ್ಬ ಅಂಬಿಗ. ಮೂವತ್ತು ವರ್ಷದ ಆಳು, ಒಬ್ಬ ತಾಯಿಗೆ ಒಬ್ಬನೇ ಮಗ. ಒಂಬತ್ತು ಸಲ ಹರಿಗೋಲು ಹಾಕಿ ಜನರನ್ನು ಕರೆತಂದ. ಹತ್ತನೆಯ ಸಲ ಹೋದವನು ಬರಲಿಲ್ಲ. ಹರಿಗೋಲು ಮಾತ್ರ ಬೋರಲಾಗಿ ತೇಲುತ್ತ ಹೋದದ್ದನ್ನು ತಾಯಿ ದಿಬ್ಬದ ಮೇಲೆ ನಿಂತು ನೋಡಿದಳು.

ಆ ದಡದ ಜನರಲ್ಲಿ ಒಂದು ಪದ್ಧತಿ ಇತ್ತು. ಯಾರನ್ನಾದರೂ ಹೊಳೆ ಎಳೆದುಕೊಂಡು ಹೋದರೆ ಅವನ ತಾಯಿಯೋ ಹೆಂಡತಿಯೋ ಬಾಯಿ ಕಟ್ಟುತ್ತಾಳೆ. ನೀರು ಬಿಟ್ಟರೆ ಬೇರೇನನ್ನೂ ಮುಟ್ಟುವುದಿಲ್ಲ. ಅವಳು ಬಾಯಿ ಕಟ್ಟಿರುವವರೆಗೆ ಊರಿನ ಪ್ರತಿಯೊಂದು ಹರಿಗೋಲೂ ಹುಡುಕಲೇಬೇಕು. ಆ ಮನೆಯವರೊಂದಿಗೆ ಹತ್ತು ವರ್ಷದಿಂದ ಮಾತು ಬಿಟ್ಟವನೂ ಹುಟ್ಟು ಹಿಡಿಯಲೇಬೇಕು. ನನ್ನ ಮನೆಯೇ ಬಿದ್ದಿದೆ, ನಾನು ಒಲ್ಲೆ ಎನ್ನುವಂತಿಲ್ಲ. ಅವಳು ಇನ್ನೊಬ್ಬರ ಕೈಯಿಂದ ಒಂದು ತುತ್ತು ತಿಂದಳೋ, ಅಲ್ಲಿಗೆ ಮುಗಿಯಿತು. ಹೋದವನನ್ನು ಹೊಳೆಗೆ ಬಿಟ್ಟುಕೊಟ್ಟಳು ಎಂದು ಅರ್ಥ. ದಡದಲ್ಲಿ ಒಂದು ಬಿಳಿ ಸೀರೆ ಏರಿಸುತ್ತಾರೆ. ಅದನ್ನು ಕಂಡ ಹರಿಗೋಲುಗಳು ಹಿಂದಿರುಗುತ್ತವೆ. ಬಿಟ್ಟುಕೊಟ್ಟದ್ದನ್ನು ಹೊಳೆಯ ಹತ್ತಿರ ಮತ್ತೆ ಕೇಳಬಾರದು. ಕೇಳಿದರೆ ಅದು ಇನ್ನೊಬ್ಬನನ್ನು ತೆಗೆದುಕೊಳ್ಳುತ್ತದೆ ಎಂದು ಅವರ ಭಯ.

ಈ ತಾಯಿ ಬಾಯಿ ಕಟ್ಟಿದಳು. ಹನ್ನೊಂದು ಹರಿಗೋಲುಗಳು ನೀರಿಗಿಳಿದವು.

ಮೂರನೆಯ ದಿನ ಒಬ್ಬ ಪಾದ್ರಿ ಆ ಊರಿಗೆ ಬಂದ. ಜೊತೆಯಲ್ಲಿ ಇಬ್ಬರು ಸಿಸ್ಟರ್‌ಗಳು. ನಿನ್ನ ಹಾಗೇ ಅಕ್ಕಿ, ಕಂಬಳಿ, ಔಷಧ ತಂದಿದ್ದರು. ಬಂದವರು ಭಾಷಣ ಮಾಡಲಿಲ್ಲ. ಪಾದ್ರಿ ನಿಲುವಂಗಿ ಕಳಚಿ ಗೂಟಕ್ಕೆ ಹಾಕಿ, ಸಲಿಕೆ ಹಿಡಿದು ಬಾವಿಯ ಕೆಸರೆತ್ತಲು ಇಳಿದ. ಸತ್ತ ಎಮ್ಮೆಗಳನ್ನು ಹೂತ. ಸಿಸ್ಟರ್‌ಗಳು ಗಾಯಕ್ಕೆ ಮದ್ದು ಕಟ್ಟಿದರು, ದೊಡ್ಡ ಹಂಡೆಯಲ್ಲಿ ಗಂಜಿ ಬೇಯಿಸಿದರು. ಅವರ ಗಂಜಿ ಕುಡಿದರೆ ಜಾತಿ ಹೋಗುತ್ತದೆ ಎಂದು ಮೊದಲು ಒಬ್ಬರಿಬ್ಬರು ಗೊಣಗಿದರು. ಹೊಟ್ಟೆ ಚುರುಗುಟ್ಟಿದಾಗ ಅವರೂ ಸಾಲಿನಲ್ಲಿ ನಿಂತರು. ಆ ಪಾದ್ರಿ ಒಳ್ಳೆಯವನು. ಇದನ್ನು ನೀನು ಮರೆಯಬಾರದು. ಕೆಟ್ಟವನಾಗಿದ್ದರೆ ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ.

ಎಲ್ಲರೂ ಗಂಜಿ ಕುಡಿದರು. ಶಾಲೆಯ ಜಗಲಿಯ ಕೊನೆಯಲ್ಲಿ ಕುಳಿತ ಆ ತಾಯಿ ಮಾತ್ರ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

ಪಾದ್ರಿ ಅದನ್ನು ನೋಡಿದ. ನಮ್ಮ ಕೈಯದು ಬೇಡವೆಂದು ಕಾಣುತ್ತದೆ ಎಂದುಕೊಂಡ. ನೊಂದುಕೊಳ್ಳಲಿಲ್ಲ. ಅವಳ ಕುಲದವಳೇ ಒಬ್ಬಳನ್ನು ಕರೆದು, ಬೇರೆ ಒಲೆ ಹೂಡಿಸಿ, ಬೇರೆ ಪಾತ್ರೆಯಲ್ಲಿ ಗಂಜಿ ಮಾಡಿಸಿದ. ಬೇಯಿಸಿದವಳು ಮನಸ್ಸಿಲ್ಲದ ಮನಸ್ಸಿನಿಂದ ತಂದು ಇಟ್ಟಳು. ತಾಯಿ ಅದನ್ನೂ ಸರಿಸಿದಳು. ಆಗ ಪಾದ್ರಿ, ಇದು ಜಾತಿಯಲ್ಲ, ದುಃಖ ಎಂದು ತೀರ್ಮಾನಿಸಿದ. ಮಗ ಹೋದಮೇಲೆ ಬದುಕಿ ಏನು ಎಂದು ಸಾಯಲು ಕೂತಿದ್ದಾಳೆ ಎಂದುಕೊಂಡ. ಅವಳ ಕಣ್ಣು ಗುಳಿ ಬಿದ್ದಿತ್ತು, ತುಟಿ ಒಡೆದಿತ್ತು. ಯಾರು ನೋಡಿದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಒಬ್ಬ ಮುದುಕಿ ಬಂದು ಅವನ ತೋಳು ಹಿಡಿದಳು.

"ಯಪ್ಪಾ, ಆಕೀಗೆ ಉಣ್ಣು ಅಂತ ಅನಬ್ಯಾಡ್ರಿ. ಇದು ನಮ್ಮ ಹೊಳಿ ಮಂದಿ ಪದ್ಧತಿ ಐತಿ."

ಪದ್ಧತಿ ಎಂಬ ಮಾತು ಕೇಳಿದ್ದೇ ಪಾದ್ರಿಗೆ ಸಿಟ್ಟು ನೆತ್ತಿಗೇರಿತು. ಹೆಂಗಸರನ್ನು ಹಸಿವಿನಲ್ಲಿ ಕೆಡಹುವ ಪದ್ಧತಿಗಳನ್ನು ಅವನು ಸಾಕಷ್ಟು ಕಂಡಿದ್ದ. "ಮನುಷ್ಯರ ಪ್ರಾಣಕ್ಕಿಂತ ನಿಮ್ಮ ಪದ್ಧತಿ ದೊಡ್ಡದೇನಮ್ಮಾ?" ಎಂದು ಗದರಿದ. ಮುದುಕಿ ಕೈ ಬಿಟ್ಟು ಹಿಂದೆ ಸರಿದಳು. ಹೊರಗಿನಿಂದ ಬಂದು ತಮ್ಮ ಬಾವಿಯ ಕೆಸರೆತ್ತಿದವನ ಎದುರು ಇನ್ನೊಂದು ಮಾತು ಆಡಲು ಅವಳಿಗೆ ಸಂಕೋಚವಾಯಿತು.

ಪಾದ್ರಿ ಅಷ್ಟಕ್ಕೆ ಬಿಡಲಿಲ್ಲ. ಒಳ್ಳೆಯವರ ಹಟ ಎಂದರೆ ಸಾಮಾನ್ಯವಲ್ಲ ತಮ್ಮಾ. ಕೆಟ್ಟವನ ಹಟಕ್ಕೆ ನಡುವೆ ಎಲ್ಲಾದರೂ ನಾಚಿಕೆ ಅಡ್ಡ ಬರುತ್ತದೆ, ಒಳ್ಳೆಯವನ ಹಟಕ್ಕೆ ಅದೂ ಇಲ್ಲ. ಅವನು ತಾಯಿಯ ಎದುರು ಮೊಣಕಾಲೂರಿ, "ತಾಯೀ, ನೀವು ಉಣ್ಣುವವರೆಗೆ ನಾನೂ ಉಣ್ಣುವುದಿಲ್ಲ. ನೀವು ನೀರು ಕುಡಿಯುತ್ತೀರಿ, ನಾನು ಅದನ್ನೂ ಕುಡಿಯುವುದಿಲ್ಲ" ಎಂದ. ಹೇಳಿದ ಹಾಗೇ ನಡೆದ. ನೀರಿಲ್ಲದೆ, ಅನ್ನವಿಲ್ಲದೆ, ಬಿಸಿಲಲ್ಲಿ ಕೆಸರೆತ್ತುತ್ತ ಎರಡು ದಿನ ಕಳೆದ. ಸಿಸ್ಟರ್‌ಗಳು ಅತ್ತರು. ಅವನು ಕೇಳಲಿಲ್ಲ.

ಇದರ ಸುದ್ದಿ ಹರಿಗೋಲಿನವರಿಗೂ ಮುಟ್ಟಿತು. ಪಾದ್ರಿಯಪ್ಪನೂ ಬಾಯಿ ಕಟ್ಟಿದ್ದಾನಂತೆ ಎಂದು ಅವರು ಒಬ್ಬರಿಗೊಬ್ಬರು ಹೇಳಿಕೊಂಡರು. ಬೇರೆ ದೇವರ ಮನುಷ್ಯ, ನಮ್ಮ ಹುಡುಗನಿಗಾಗಿ ನಮ್ಮ ಹಾಗೇ ವ್ರತ ಹಿಡಿದನಲ್ಲ ಎಂದು ಅವರ ಕಣ್ಣು ತುಂಬಿತು. ಅಂಗೈ ಚರ್ಮ ಸುಲಿದಿದ್ದರೂ ಬಟ್ಟೆ ಸುತ್ತಿಕೊಂಡು ಇನ್ನಷ್ಟು ಜೋರಾಗಿ ಹುಟ್ಟು ಹಾಕಿದರು. ಅವನನ್ನು ತಡೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಆರನೆಯ ದಿನ ನಡುಮಧ್ಯಾಹ್ನ ಪಾದ್ರಿ ಬಾವಿಯ ಬಳಿ ಬಿದ್ದ. ಎತ್ತಿಕೊಂಡು ಬಂದು ಜಗಲಿಯ ಮೇಲೆ, ಆ ತಾಯಿಯ ಪಕ್ಕದಲ್ಲೇ ಮಲಗಿಸಿದರು. ಒಬ್ಬ ಸಿಸ್ಟರ್ ನೀರು ಹಿಡಿದರೆ ಹಲ್ಲು ಕಚ್ಚಿಕೊಂಡ. ನಾಲಿಗೆ ಒಣಗಿ ಮಾತು ಹೊರಡಲೊಲ್ಲದು. ಆದರೂ ಗಂಜಿಯ ಬಟ್ಟಲನ್ನು ತಾಯಿಯ ಕಡೆಗೆ ತಳ್ಳಿದ. ತಾಯಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಹೊಳೆಯ ಕಡೆ ಒಮ್ಮೆ ನೋಡಿದಳು. ಮುದುಕಿಯನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದಳು. ಆಮೇಲೆ ಬಟ್ಟಲನ್ನು ಎತ್ತಿಕೊಂಡು ಕುಡಿದಳು.

ಪಾದ್ರಿಯ ಕಣ್ಣಿನಿಂದ ನೀರು ಇಳಿಯಿತು. ಸಿಸ್ಟರ್‌ಗಳು ದೇವರಿಗೆ ಸ್ತೋತ್ರ ಹೇಳಿದರು. ಅವನೂ ಎರಡು ಗುಟುಕು ನೀರು ಕುಡಿದು, ನಿಧಾನವಾಗಿ ಎದ್ದು ಕೂತ. ಜಗಲಿಯ ಹೆಂಗಸರೆಲ್ಲ ಎದೆ ಬಡಿದುಕೊಂಡು ಅಳತೊಡಗಿದರು. ಸಂತೋಷಕ್ಕೆ ಅಳುತ್ತಿದ್ದಾರೆ ಎಂದು ಅವನು ತಿಳಿದ. ಅಷ್ಟರಲ್ಲಿ ಹೊಳೆಯ ಮೇಲೆ ಹರಿಗೋಲುಗಳು ಕಂಡವು. ಹನ್ನೊಂದೂ ಒಟ್ಟಿಗೆ ಬರುತ್ತಿದ್ದವು. ಪಾದ್ರಿಯ ಮುಖ ಅರಳಿತು. ತಾಯಿ ಉಂಡಳು, ಮಗನೂ ಸಿಕ್ಕಿದ, ದೇವರ ದಯೆ ಎಂದರೆ ಇದೇ ಎಂದುಕೊಂಡ. ಬಿದ್ದು ಎದ್ದು ದಡಕ್ಕೆ ಓಡಿದ.

"ಸಿಕ್ಕಿದನೇ? ಬದುಕಿದ್ದಾನೆಯೇ?" ಎಂದು ಕೂಗಿದ.

ಮುಂದಿನ ಹರಿಗೋಲಿನಲ್ಲಿ ಇದ್ದವನು ಅಂಬಿಗರ ಹಿರಿಯ. ದಡದಲ್ಲಿದ್ದವರಿಂದ ನಡೆದದ್ದನ್ನು ತಿಳಿದ ಅವನು ಇಳಿದು ಪಾದ್ರಿಯನ್ನು ಮೇಲಿಂದ ಕೆಳಗೆ ನೋಡಿದ.

"ನಮ್ಮನ್ನ ಕೇಳತೀರೇನ್ರೀ ಯಪ್ಪಾ? ಆಕೀ ಬಾಯಿ ಬಿಡಿಸಿ, ನೀವಽ ಅಲ್ಲೇನು ನಮ್ಮನ್ನ ಹೊಳ್ಳಿ ಕರಿಸಿದೋರು?"

ಪಾದ್ರಿಗೆ ಅರ್ಥವಾಗಲಿಲ್ಲ. ದಡದ ಬಿದಿರು ಗಳುವಿಗೆ ಹೆಂಗಸರು ಏರಿಸಿದ್ದ ಬಿಳಿ ಸೀರೆಯನ್ನು ಹಿರಿಯ ತೋರಿಸಿದ. ಪದ್ಧತಿಯನ್ನು ಹೇಳಿದ. ಅವನ ಮಾತು ಮುಗಿಯುವ ಮುಂಚೆಯೇ ಪಾದ್ರಿಯ ಮುಖ ಬೂದಿಯಾಯಿತು. ಹಿಂದೆ ಬಂದ ಮುದುಕಿ, ಕಿವಿಯಲ್ಲಿ ಕೇಳಿದ್ದನ್ನು ಎಲ್ಲರೆದುರು ಹೇಳಿದಳು. "ನನ್ನ ಮಗನ್ನ ಹುಡುಕಾಕ ಮತ್ತೊಬ್ಬಾಕಿ ಮಗನ್ನ ಕೊಲ್ಲಲೇನು ಅಂದಳ್ರೀ ಆಕಿ."

ಪಾದ್ರಿ ಹಿರಿಯನ ಕಾಲು ಹಿಡಿದ. ಮತ್ತೆ ಹೋಗಿ, ಪಾಪ ನನಗಿರಲಿ ಎಂದ. ಯಾರೂ ಕದಲಲಿಲ್ಲ. ಆರು ದಿನದಿಂದ ಅವರು ತಮ್ಮ ಮನೆಯ ಕಡೆ ತಿರುಗಿ ನೋಡಿರಲಿಲ್ಲ. ಹೊಳೆಗೆ ಕೊಟ್ಟದ್ದನ್ನು ಹಿಂದಕ್ಕೆ ಕೇಳುವ ಧೈರ್ಯ ಅವರಲ್ಲಿ ಒಬ್ಬನಿಗೂ ಇರಲಿಲ್ಲ. ಆಗ ಪಾದ್ರಿ ತಾನೇ ಒಂದು ಹರಿಗೋಲಿಗೆ ಹಾರಿ ಹುಟ್ಟು ಹಾಕಿದ. ಹರಿಗೋಲು ಅರಿಯದವನ ಕೈಗೆ ಸಿಕ್ಕರೆ ಮುಂದಕ್ಕೆ ಹೋಗುವುದಿಲ್ಲ, ಬುಗುರಿಯಂತೆ ನಿಂತಲ್ಲೇ ತಿರುಗುತ್ತದೆ. ಹಾಗೇ ತಿರುಗಿತು. ಅಂಬಿಗರು ಎದೆಮಟ್ಟದ ನೀರಿಗಿಳಿದು ಅವನನ್ನು ಎಳೆದು ತಂದರು. ಅವನು ಕೆಸರಿನಲ್ಲಿ ಕೂತು ಕೂಗಿಕೊಂಡ. ಅಂಥ ಕೂಗನ್ನು ಆ ಊರಿನವರು ನೆರೆಯ ದಿನವೂ ಕೇಳಿರಲಿಲ್ಲ.

ಮಾರನೆಯ ದಿನ ಆಚೆ ದಡದ ಕುರುಬರು ಸುದ್ದಿ ತಂದರು. ಕೆಳಗಿನ ನಡುಗಡ್ಡೆಯಲ್ಲಿ ಒಂದು ಜಾಲಿ ಮರ. ಮಗ ತನ್ನ ರುಮಾಲಿನಿಂದ ತನ್ನನ್ನೇ ಅದರ ಕೊಂಬೆಗೆ ಬಿಗಿದುಕೊಂಡಿದ್ದ. ಅವರು ಹೋಗಿ ಮುಟ್ಟಿದಾಗ ಪ್ರಾಣವಿರಲಿಲ್ಲ. ಮೈ ಮಾತ್ರ ಇನ್ನೂ ಬೆಚ್ಚಗಿತ್ತು.

ಆ ನಡುಗಡ್ಡೆಯ ಸುತ್ತ ಸೆಳೆತ ಹೆಚ್ಚು. ಬೇರೆಲ್ಲ ಕಡೆ ಹುಡುಕುತ್ತ, ಅಲ್ಲಿಗೆ ಹೋಗಲು ನೀರು ಇಳಿಯಲೆಂದು ಹರಿಗೋಲುಗಳು ಕಾದಿದ್ದವು. ಆರನೆಯ ದಿನ ಸಂಜೆಯ ಹೊತ್ತಿಗೆ ನೀರು ಇಳಿದಿತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ನಿಂತಿದ್ದವನು ಯಾವಾಗ ಕೂತನೋ, ಕೂತವನು ಯಾವಾಗ ಮತ್ತೆ ಎದ್ದನೋ ಅವನಿಗೇ ತಿಳಿದಿರಲಿಲ್ಲ. ಅಂಗಳದಲ್ಲಿ ಡ್ರೈವರ್ ಹಾರ್ನ್ ಮಾಡಿದ. ಶಿಷ್ಯ ಆ ಕಡೆ ನೋಡಲಿಲ್ಲ. ಅವನಿಗೆ ಮೊದಲು ಬಂದದ್ದು ದುಃಖ, ಅದರ ಹಿಂದೆಯೇ ಕೋಪ. ಆ ಕೋಪ ಯಾರ ಮೇಲೆ ಎಂದು ಹುಡುಕಿ, ಕೊನೆಗೆ ಆ ತಾಯಿಯ ಮೇಲೆಯೇ ಹಾಕಿದ.

"ಅನ್ಯಾಯ ಗುರುಗಳೇ! ಪಾದ್ರಿಗೆ ಹೇಗೆ ಗೊತ್ತಾಗಬೇಕು? ಮಗನ ಜೀವದ ಪ್ರಶ್ನೆ. ನನ್ನ ಮಗನನ್ನು ಇನ್ನೂ ಹುಡುಕುತ್ತಿದ್ದಾರೆ, ಅದಕ್ಕೇ ನಾನು ಉಣ್ಣುವುದಿಲ್ಲ ಎಂದು ಆ ತಾಯಿ ಒಂದೇ ಒಂದು ಸಲ ಅವನಿಗೆ ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತಲ್ಲ!"

ಗುರುಗಳು ಹೇಳಿದರು: "ಮೂರು ಸಲ ಹೇಳಿದಳಪ್ಪ, ಮೂರು ಸಲವೂ ಆತ ಕಣ್ಣು ಮುಚ್ಚಿ, ಅವಳಿಗಾಗಿ ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಿದ್ದ."