ಜೊಂಡು ಕೊಟ್ಟ ಪೊರೆ

“ಸಮುದ್ರಕ್ಕೆ ದಾರಿ ಯಾವುದಮ್ಮಾ?” ಎಂದು ಗಾಳೆಮ್ಮ ದಡದ ಬಿದಿರಕ್ಕನನ್ನು ಕೇಳಿದಳು.

ಜಗತ್ತು ಆಗಿನ್ನೂ ಹೊಸದು. ತಾವೆಲ್ಲಿ ಕೂರಬೇಕೆಂದು ಬೆಟ್ಟಗಳಿಗೇ ಗೊತ್ತಿರಲಿಲ್ಲ. ಹತ್ತೂರು ಸುತ್ತಿದ ಗಾಳೆಮ್ಮನೂ ಚೀನಾ ದೇಶದ ಒಂದು ಹೊಳೆಯ ಮಂಜಿನಲ್ಲಿ ದಾರಿ ತಪ್ಪಿದ್ದಳು.

ಬಿದಿರಕ್ಕ ದಾರಿ ತೋರಿಸಿದಳು. ಬದಲಿಗೆ ಒಂದು ಉಪಕಾರ ಬೇಡಿದಳು. ಹೊಳೆ ಹೊಸ ಹುಮ್ಮಸ್ಸಿನಲ್ಲಿ ಪಾತ್ರ ಬದಲಿಸಿ, ಅವಳಿಗೂ ತಂಗಿಗೂ ನಡುವೆ ಹರಿದಿತ್ತು. ಅಕ್ಕ ಕೊಚ್ಚಿಹೋದಳೆಂದು ನಂಬಿದ ತಂಗಿ, ಆಚೆ ದಡದಲ್ಲಿ ಕಳಲೆ ಬಿಡುವುದನ್ನೇ ನಿಲ್ಲಿಸಿ ಒಣಗುತ್ತಿದ್ದಳು. ಅಕ್ಕನ ದನಿ ಅವಳಿಗೆ ಮುಟ್ಟಬೇಕಿತ್ತು.

“ಬರುವಾಗ ಮುಟ್ಟಿಸ್ತೀನಿ,” ಎಂದು ಗಾಳೆಮ್ಮ ಹೊರಟೇಬಿಟ್ಟಳು.

ದಾರಿಯಲ್ಲಿ ಕೊಟ್ಟ ಮಾತನ್ನು ದಾರಿಯಲ್ಲೇ ಬಿಡುವುದು ತಿರುಗಾಡುವವರ ಚಾಳಿ. ಈ ಮಾತು ಮಾತ್ರ ಉತ್ತರಾಣಿ ಬೀಜದ ಹಾಗೆ ಸೆರಗಿಗೆ ಅಂಟಿಕೊಂಡು ಬಂತು. ಸಮುದ್ರ ನೋಡಿದ ಗಾಳೆಮ್ಮ ಹಿಂದಿರುಗಿದಳು.

ಬಿದಿರಕ್ಕನ ಮೈಯಲ್ಲಿ ಹುಳ ಕೊರೆದ ತೂತುಗಳಿದ್ದವು. ಗಾಳೆಮ್ಮ ಮೆಲ್ಲಗೆ ಊದಿದಳು. ದನಿ ದುಂಡಗೆ, ಮೆತ್ತಗೆ ಹೊರಟು ನಡುನೀರಿನಲ್ಲೇ ಮುಳುಗಿತು. ಜೋರಾಗಿ ಊದಿದಳು. ದನಿ ಚಂಗನೆ ಮೇಲಿನ ಸ್ವರಕ್ಕೆ ಹಾರಿತು. ತಂಗಿ ಅದನ್ನು ಯಾವುದೋ ಹಕ್ಕಿಯದೆಂದುಕೊಂಡು ಇನ್ನಷ್ಟು ಬಾಡಿದಳು.

ನೀರಂಚಿನ ಜೊಂಡು ನಕ್ಕಿತು. “ಲೋಕ ಸುತ್ತಿ ಬಂದೆ, ಊದೋದು ಕಲೀಲಿಲ್ಲವಲ್ಲೇ ತಾಯಿ. ದನಿ ಏರಿಸಬೇಡ, ನಡುಗಿಸು.”

ಹಾಗೆಂದು ತನ್ನೊಳಗಿನ ಪೊರೆ ಸುಲಿದುಕೊಟ್ಟಿತು. ಈರುಳ್ಳಿಯ ಪೊರೆಗಿಂತಲೂ ತೆಳು. ಗಾಳೆಮ್ಮ ಅದನ್ನು ಕಾಡುಬೆಳ್ಳುಳ್ಳಿಯ ರಸ ಹಚ್ಚಿ ಒಂದು ತೂತಿನ ಮೇಲೆ ಅಂಟಿಸಿದಳು, ಸಣ್ಣ ಸುಕ್ಕುಗಳನ್ನು ಹಾಗೇ ಉಳಿಸಿ. ಮೆಲ್ಲಗೆ ಊದಿದಳು.

ಸ್ವರ ಅದೇ. ಕೂದಲೆಳೆಯಷ್ಟೂ ಏರಿರಲಿಲ್ಲ. ಆದರೆ ಒಳಗೆ ಜೇನ್ನೊಣ ಹೊಕ್ಕಂತೆ ಝುಂಯ್ ಎಂದು ಮಿನುಗಿತು. ನಡುನೀರಿನ ಕೊಕ್ಕರೆ, ಸ್ವರ ಏರಿಯೇ ಏರಿತೆಂದು ವಾದಕ್ಕೆ ನಿಂತಿತು.

ಆಚೆ ದಡದಲ್ಲಿ ತಂಗಿ ತಲೆಯೆತ್ತಿದಳು. “ಅಕ್ಕಾ, ಇಷ್ಟು ಹತ್ತಿರ ಯಾವಾಗ ಬಂದೆ?”

ಮುಂದಿನ ಮಳೆಗೆ ಅವಳ ಬುಡದಲ್ಲಿ ಕಳಲೆ ಮೂಡಿತು.

ಇಂದಿಗೂ ಚೀನಾದ ಕೊಳಲಿಗೆ ಜೊಂಡಿನ ಪೊರೆ ಅಂಟಿಸಿದ ತೂತೊಂದು ಹೆಚ್ಚಿಗೆ. ದೂರದಲ್ಲಿ ನುಡಿದರೂ ಅದು ಪಕ್ಕದಲ್ಲೇ ನುಡಿದಂತಿರುವುದು ಅದಕ್ಕೇ.

ಬಿದಿರಿನ ಋಣ ಹೀಗೆ ತೀರಿತು. ಜೊಂಡಿನದು ಉಳಿಯಿತು. ಅದಕ್ಕೇನು ಬೇಕೆಂದು ಗಾಳೆಮ್ಮ ಕೇಳಿದ್ದಳು. ಹೋಗುತ್ತಾ ಬರುತ್ತಾ ಮಾತಾಡಿಸಿದರೆ ಸಾಕು ಎಂದಿತ್ತು ಜೊಂಡು.

ಮರದ ಎಲೆಯೂ ಅಲುಗದ ಮಧ್ಯಾಹ್ನ, ನಮ್ಮ ಕೆರೆಯಂಚಿನ ಜೊಂಡು ಮಾತ್ರ ತಲೆಯಾಡಿಸುವುದನ್ನು ನೋಡಿದ್ದೀಯಲ್ಲ? ಗಾಳೆಮ್ಮ ಸಾಲ ತೀರಿಸುತ್ತಿದ್ದಾಳೆ.